ಯಲಬುರ್ಗಾ 'ಯಲಬುಗಾರ್' ಆಗುವ ಬಗೆ

ಕನ್ನಡದ ಹಳೆಯ ಗಣಕ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಕೊಪ್ಪಳ ಜಿಲ್ಲೆಯ ಯಲಬುರ್ಗಾ 'ಯಲಬುಗಾರ್' ಆಗಿಬಿಡುವುದುಂಟು. ಇದು ಬೆರಳಚ್ಚುಗಾರರ ತಪ್ಪಲ್ಲ.

'ನುಡಿ', 'ಬರಹ' ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಅಕ್ಷರದ ತುಣುಕುಗಳು ಕಣ್ಣಿಗೆ ಕಾಣುವ ಕ್ರಮದಲ್ಲೇ ದಾಖಲಾಗುತ್ತಿದ್ದವು. ಅರ್ಕಾವೊತ್ತು ಕಾಣುವುದು 'ಗಾ' ಆದ ಮೇಲೆ. ಕಡತದಲ್ಲೂ ಅದರ ಜಾಗ ಅಲ್ಲಿಯೇ. 1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ: ಮೊದಲು 'ರ್', ಅನಂತರ 'ಗಾ'. ಹೀಗಾಗಿ ತುಣುಕುಗಳನ್ನು ಬದಲಿಸಿದರಷ್ಟೇ ಸಾಲದು, ಅವುಗಳ ಸ್ಥಾನವನ್ನೂ ಬದಲಿಸಬೇಕು.

ಒಂದೆರಡು ಪುಟಗಳನ್ನು ಕೈಯಿಂದಲೇ ತಿದ್ದಬಹುದು. ಸಾವಿರಾರು ಕಡತಗಳಿದ್ದರೆ? ಇದಕ್ಕೆ ಉತ್ತರದ ಬೀಜ 1964ರಷ್ಟು ಹಳೆಯದು. ಅಮೆರಿಕದ ಬೆಲ್ ಪ್ರಯೋಗಾಲಯದ ಡಗ್ಲಾಸ್ ಮೆಕ್‌ಇಲ್ರಾಯ್, ತೋಟಕ್ಕೆ ನೀರು ಹಾಯಿಸುವ ಕೊಳವೆಗಳನ್ನು ಜೋಡಿಸುವಂತೆ ಪ್ರೋಗ್ರಾಮುಗಳನ್ನೂ ಜೋಡಿಸುವಂತಿರಬೇಕು ಎಂದು ಆ ವರ್ಷ ಸೂಚಿಸಿದರು. 1973ರಲ್ಲಿ ಕೆನ್ ಥಾಂಪ್ಸನ್ ಯುನಿಕ್ಸ್‌ನಲ್ಲಿ ಅದನ್ನು ಸಾಧಿಸಿದರು. ಒಂದು ಆದೇಶ ಹೊರಹಾಕಿದ್ದು ಮುಂದಿನ ಆದೇಶಕ್ಕೆ ಒಳಹರಿಯತೊಡಗಿತು.

ಇದೇ ವಿಚಾರದ ದೊಡ್ಡ ರೂಪ 'ನೈಫೈ'. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಲ್ಲಿ 'ನಯಾಗರಾಫೈಲ್ಸ್' ಎಂಬ ಹೆಸರಿನಲ್ಲಿ ಬೆಳೆದ ಈ ತಂತ್ರಾಂಶ 2014ರಲ್ಲಿ ಅಪಾಚೆ ಪ್ರತಿಷ್ಠಾನದ ಮೂಲಕ ಸಾರ್ವಜನಿಕರಿಗೆ ಮುಕ್ತವಾಯಿತು. ಬಂದ ಪ್ರತಿ ಕಡತವನ್ನೂ ಅದು ನಾವು ಹೇಳಿದ ಆದೇಶಕ್ಕೆ ಉಣಿಸಿ, ಫಲಿತವನ್ನು ಹೊಸ ಕಡತವಾಗಿ ಮುಂದಕ್ಕೆ ಕಳುಹಿಸಬಲ್ಲದು. ಮೂಲ ಕಡತಕ್ಕೆ ಬೇರೆಯೇ ದಾರಿ ಇರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಕೆಲಸ ಮುಗಿಸಿದ ಆದೇಶ ಒಂದು ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಸೊನ್ನೆ ಬಂದರೆ ಸರಿ. ಬೇರೇನು ಬಂದರೂ ಕಡತವನ್ನು ದೋಷದ ದಾರಿಗೆ ತಿರುಗಿಸಬಹುದು. ಆದರೆ ಈ ಸೊನ್ನೆಗೆ ಕನ್ನಡ ಗೊತ್ತಿಲ್ಲ. 'ಯಲಬುಗಾರ್' ಎಂದು ಬರೆದ ಪರಿವರ್ತಕವೂ ಸೊನ್ನೆಯನ್ನೇ ಹೇಳುತ್ತದೆ, ತಪ್ಪು ಸದ್ದಿಲ್ಲದೆ ಸಾಗಿಹೋಗುತ್ತದೆ. ಮುಂದೊಂದು ದಿನ 'ಯಲಬುರ್ಗಾ' ಎಂದು ಹುಡುಕಿದವರಿಗೆ ಆ ಕಡತ ಸಿಗುವುದೇ ಇಲ್ಲ.

ಪರಿಹಾರ ಕಷ್ಟದ್ದೇನಲ್ಲ. ಪರಿವರ್ತಕದ ಬೆನ್ನಿಗೆ ಇನ್ನೊಂದು ಪುಟ್ಟ ಆದೇಶವನ್ನು ಜೋಡಿಸಬೇಕು. 'ರ್' ಎಂದು ಕೊನೆಗೊಳ್ಳುವ ಪದಗಳನ್ನು ಅದು ಹೆಕ್ಕಿ, ಊರುಗಳ ಪಟ್ಟಿಯೊಂದಿಗೆ ಹೋಲಿಸಿ, ಅನುಮಾನ ಬಂದ ಕಡತವನ್ನು ಓದಬಲ್ಲವರ ಮುಂದಿಡಲಿ. ಅವರು ನೋಡಿ ಒಪ್ಪುವವರೆಗೆ ಮೂಲ ಕಡತವನ್ನು ಅಳಿಸದಿದ್ದರೆ, ತಪ್ಪಾದರೂ ತಿದ್ದಿಕೊಳ್ಳಲು ಅವಕಾಶ ಉಳಿಯುತ್ತದೆ.