ಪೆಟ್ಟಿಗೆ ಯಾರ ಮನೆಯಲ್ಲಿ?

2001ರಲ್ಲಿ ಸಾಗರದ ನಮ್ಮ ಮನೆಗೆ ಕಂಪ್ಯೂಟರ್ ಬಂತು. ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಹೇಳುತ್ತಿದ್ದ ಅಣ್ಣನಿಗೆ ಅಪ್ಪ ಹೇಳುತ್ತ ಹೋದಂತೆ ನಾನು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪು ಮಾಡುತ್ತಿದ್ದೆ. ಅಡಿಕೆ ಧಾರಣೆ, ಮಳೆ, ಯಾರ ಮನೆಯ ಮದುವೆ, ಎಲ್ಲ. ಎರಡು ವರ್ಷಕ್ಕೆ ಡಿಸ್ಕು ಕೆಟ್ಟಿತು. ಪತ್ರಗಳು ಟೆಲಿಫೋನ್ ತಂತಿಯಾಚೆಯ ಅಂಚೆಮನೆಯಲ್ಲಿ ಇದ್ದೇ ಇರುತ್ತವೆಂದು ನಾನು ಧೈರ್ಯವಾಗಿದ್ದೆ. ಅಲ್ಲಿ ಒಂದೂ ಇರಲಿಲ್ಲ. ಯಾಕಿಲ್ಲ ಎಂದು ಹುಡುಕುತ್ತ ಹೋದವಳು, ಮಕ್ಕಳಿಗೆ ಚರಿತ್ರೆ ಕಲಿಸುವ ನಾನು, ಇನ್ನೊಂದು ಚರಿತ್ರೆಯೊಳಗೆ ಇಳಿದೆ.

1965ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಒಂದೇ ದೊಡ್ಡ ಕಂಪ್ಯೂಟರನ್ನು ಅನೇಕರು ಹಂಚಿಕೊಂಡು ಬಳಸುತ್ತಿದ್ದರು. ಟಾಮ್ ವ್ಯಾನ್ ವ್ಲೆಕ್ ಮತ್ತು ನೋಯೆಲ್ ಮಾರಿಸ್ ಎಂಬ ಇಬ್ಬರು ಅದಕ್ಕೆ 'ಮೇಲ್' ಎಂಬ ಆಜ್ಞೆ ಬರೆದರು. ಪ್ರತಿಯೊಬ್ಬರ ಪಾಲಿನ ಜಾಗದಲ್ಲಿ 'ಮೇಲ್ ಬಾಕ್ಸ್' ಎಂಬ ಹೆಸರಿನ ಒಂದು ಕಡತ. ಪತ್ರ ಕಳಿಸುವುದೆಂದರೆ ಆ ಕಡತಕ್ಕೆ ನಾಲ್ಕು ಸಾಲು ಸೇರಿಸುವುದು, ಅಷ್ಟೆ. ಪತ್ರ ಆ ಯಂತ್ರ ಬಿಟ್ಟು ಹೊರಗೆ ಹೋಗುತ್ತಲೇ ಇರಲಿಲ್ಲ.

ಒಂದು ಯಂತ್ರದಿಂದ ಇನ್ನೊಂದು ಯಂತ್ರದ ಪೆಟ್ಟಿಗೆಗೆ ಪತ್ರ ಹಾಕಿದವರು ರೇ ಟಾಮ್ಲಿನ್‌ಸನ್, 1971ರಲ್ಲಿ. ವಿಳಾಸದ ನಡುವಿನ @ ಗುರುತಿಗಾಗಿ ಎಲ್ಲರೂ ಅವರನ್ನು ನೆನೆಯುತ್ತಾರೆ. ನನಗೆ ಹಿಡಿಸಿದ್ದು ಅವರು ಬಳಸಿದ ಪೆಟ್ಟಿಗೆಗಿದ್ದ ಕಾವಲು. ಬೇರೆಯವರು ಅದರ ಕೊನೆಗೆ ಬರೆದು ಸೇರಿಸಬಹುದು. ಒಳಗಿರುವುದನ್ನು ಓದುವಂತಿಲ್ಲ, ಅಳಿಸುವಂತಿಲ್ಲ. ನಮ್ಮ ದೇವಸ್ಥಾನದ ಹುಂಡಿಯೇ ಸರಿ!

ಮುಂದೆ ಯೂನಿಕ್ಸ್ ಯಂತ್ರಗಳಲ್ಲೂ ಒಬ್ಬರ ಪತ್ರಗಳೆಲ್ಲ ಒಂದೇ ಕಡತದಲ್ಲಿ ಸಾಲಾಗಿ ಕೂತವು. 'ಫ್ರಮ್' ಎಂಬ ಪದದಿಂದ ಸಾಲು ಶುರುವಾದರೆ ಹೊಸ ಪತ್ರವೆಂದು ಲೆಕ್ಕ. ಪತ್ರದೊಳಗಿನ ಮಾತೇ ಆ ಪದದಿಂದ ಶುರುವಾದರೆ? ಅದರ ಮುಂದೊಂದು ಬಾಣದ ಮೊನೆಯಂಥ ಗುರುತು ಹಾಕಿ ಬಚಾವಾದರು. ಇಡೀ ತರಗತಿಯ ಉತ್ತರಗಳನ್ನು ಒಂದೇ ಪುಸ್ತಕದಲ್ಲಿ ಬರೆಸಿದಂಥ ಫಜೀತಿ. 1990ರ ದಶಕದಲ್ಲಿ ಡೇನಿಯಲ್ ಬರ್ನ್‌ಸ್ಟೈನ್ ಪ್ರತಿ ಪತ್ರಕ್ಕೂ ಬೇರೆ ಕಡತ ಮಾಡಿದರು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1984ರಲ್ಲಿ ಹುಟ್ಟಿದ 'ಪಾಪ್' ಎಂಬ ಪದ್ಧತಿಯಲ್ಲಿ. ಸಂಪರ್ಕ ಮಾಡು, ಪತ್ರಗಳನ್ನು ಮನೆಗೆ ಇಳಿಸಿಕೋ, ಫೋನ್ ಇಡು. ಇಳಿಸಿಕೊಂಡ ಮೇಲೆ ಅಂಚೆಮನೆಯ ಪ್ರತಿಯನ್ನು ಅಳಿಸುವುದೇ ವಾಡಿಕೆ. ಫೋನಿನ ಬಿಲ್ಲೂ ಉಳಿಯಿತು, ಅವರ ಜಾಗವೂ ಉಳಿಯಿತು. ನಮ್ಮದು ಈ ಬಗೆ. 1986ರಲ್ಲಿ ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಕ್ರಿಸ್ಪಿನ್ ರೂಪಿಸಿದ 'ಐಮ್ಯಾಪ್'ನದು ಬೇರೆ ದಾರಿ. ಅಲ್ಲಿ ಪತ್ರಗಳು ಅಂಚೆಮನೆಯಲ್ಲೇ ಉಳಿಯುತ್ತವೆ, ನಾವು ಹೋಗಿ ಓದಿ ಬರುತ್ತೇವೆ. ಅದಕ್ಕೆ ಜಾಗ ಬೇಕು. ಜಾಗ ಆಗ ದುಬಾರಿ. 2004ರಲ್ಲೂ ಹಾಟ್‌ಮೇಲ್ ಪುಕ್ಕಟೆಯಾಗಿ ಕೊಡುತ್ತಿದ್ದುದು 2 ಮೆಗಾಬೈಟ್. ಆ ಏಪ್ರಿಲ್ 1ರಂದು ಜಿಮೇಲ್ 1 ಗಿಗಾಬೈಟ್ ಕೊಡುತ್ತೇವೆಂದಾಗ ಅನೇಕರು ಏಪ್ರಿಲ್ ಫೂಲ್ ಎಂದೇ ತಿಳಿದರು.

ಅಣ್ಣನ ಪೆಟ್ಟಿಗೆ ಮಾತ್ರ ಅವನ ವಿಶ್ವವಿದ್ಯಾಲಯದ ಯಂತ್ರದಲ್ಲೇ ಇತ್ತು. ಅಪ್ಪ ತೀರಿಕೊಂಡ ವರ್ಷ ಅವನು ಊರಿಗೆ ಬಂದಾಗ ಒಂದು ಕಟ್ಟು ಕಾಗದ ತಂದ. ಅಪ್ಪ ಹೇಳಿ ನಾನು ಟೈಪಿಸಿದ ಪತ್ರಗಳು, ನನ್ನ ತಪ್ಪುಗಳ ಸಮೇತ. ತಾನು ಬರೆದ ಉತ್ತರಗಳ ಪ್ರತಿಯನ್ನು ಅವನು ಇಟ್ಟುಕೊಂಡಿರಲಿಲ್ಲ. ಅವು ಇದ್ದದ್ದು ನಮ್ಮ ಡಿಸ್ಕಿನಲ್ಲಿ. ಅಪ್ಪ ಪತ್ರವೊಂದರಲ್ಲಿ, "ನೀನು ಕೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ" ಎಂದಿದ್ದಾರೆ. ಏನು ಕೇಳಿದ್ದೆ ಎಂದರೆ ಅಣ್ಣನಿಗೂ ನೆನಪಿಲ್ಲ.