ಭವಾನಿಸಾಗರ: ಅವಿನಾಶಿ ದಾರಿಯಲ್ಲೊಂದು ಜಲಾಶಯ, ಅದರಾಚೆ ಆನೆಕಾಡು

ಅವಿನಾಶಿ ಎಂದ ಕೂಡಲೇ ತಾಳವಾಡಿ, ಚಾಮರಾಜನಗರ ಕಡೆಯ ಜನರಿಗೆ ನೆನಪಾಗುವುದು ಅವಿನಾಶಿಲಿಂಗೇಶ್ವರ ದೇವಸ್ಥಾನ, ಇಲ್ಲವೇ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳ ದಾರಿ. 2009ರಲ್ಲಿ ತಿರುಪ್ಪೂರು ಜಿಲ್ಲೆ ರಚನೆಯಾಗುವವರೆಗೆ ಈ ಊರು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಲ್ಲಿಂದ ಉತ್ತರಕ್ಕೆ ಪುಳಿಯಂಪಟ್ಟಿ ಮಾರ್ಗವಾಗಿ ಸುಮಾರು 40 ಕಿ.ಮೀ. ಹೋದರೆ ಈರೋಡು ಜಿಲ್ಲೆಯ ಭವಾನಿಸಾಗರ ಸಿಗುತ್ತದೆ. ಊರಿನ ಪಕ್ಕದಲ್ಲೇ ಜಲಾಶಯ, ಜಲಾಶಯದ ಆಚೆ ಸತ್ಯಮಂಗಲದ ಕಾಡು.

ನೀಲಗಿರಿಯ ಕಡೆಯಿಂದ ಬರುವ ಭವಾನಿ, ಮುದುಮಲೆ ಕಡೆಯಿಂದ ಆಳವಾದ ಕಣಿವೆಯಲ್ಲಿ ಹರಿದು ಬರುವ ಮೋಯಾರ್, ಈ ಎರಡೂ ಹೊಳೆಗಳು ಸೇರುವಲ್ಲಿ ಅಣೆಕಟ್ಟೆ ಇದೆ. 1948ರಲ್ಲಿ ಆರಂಭವಾದ ಕೆಲಸ 1955ರಲ್ಲಿ ಮುಗಿಯಿತು. ಸುಮಾರು 8 ಕಿ.ಮೀ. ಉದ್ದದ ಮಣ್ಣಿನ ಏರಿ, 105 ಅಡಿ ನೀರಿನ ಮಟ್ಟ, 32.8 ಟಿಎಂಸಿ ಸಂಗ್ರಹ. ಕೀಳ್ ಭವಾನಿ ಕಾಲುವೆಯಿಂದ 2.07 ಲಕ್ಷ ಎಕರೆಗೆ ನೀರು ಹರಿಯುತ್ತದೆ. ಭವಾನಿಯ ಹೆಚ್ಚುವರಿ ನೀರನ್ನು ಕಾಳಿಂಗರಾಯನ್ ಅಣೆಯ ಕೆಳಗಿನಿಂದ ಪಂಪ್ ಮಾಡಿ 1,045 ಕೆರೆಕುಂಟೆಗಳಿಗೆ ತುಂಬಿಸುವ ಅತ್ತಿಕಡವು-ಅವಿನಾಶಿ ಯೋಜನೆ 2024ರ ಆಗಸ್ಟ್‌ನಲ್ಲಿ ಆರಂಭವಾಯಿತು. ಅವಿನಾಶಿಯವರು ಇದಕ್ಕಾಗಿ ದಶಕಗಳ ಕಾಲ ಹೋರಾಡಿದ್ದರು.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ನಂಟೂ ಇದೆ, ಆದರೆ ಅದು ನೀರಿನಡಿಯಲ್ಲಿದೆ. ಜಲಾಶಯದಲ್ಲಿ ಮುಳುಗಿದ ದಣ್ಣಾಯಕನಕೋಟೆಗೆ ಹೆಸರು ಬಂದದ್ದು ಹೊಯ್ಸಳರ ದಂಡನಾಯಕರಿಂದ. ಮೂರನೇ ವೀರಬಲ್ಲಾಳನ ಕಾಲದಲ್ಲಿ ಗುಂಡ್ಲುಪೇಟೆ ಸೀಮೆಯ ತೆರಕಣಾಂಬಿಯಿಂದ ಆಳುತ್ತಿದ್ದ ಮಾಧವ ದಂಡನಾಯಕನ ಹೆಸರು ಈ ಕೋಟೆಗೆ ತಳಕು ಹಾಕಿಕೊಂಡಿದೆ. ಬರಗಾಲದಲ್ಲಿ ನೀರು ತೀರಾ ಇಳಿದಾಗ ಹಳೆಯ ಮಾಧವ ಪೆರುಮಾಳ್ ಗುಡಿಯ ಕಲ್ಲುಗಳು ಹೊರಗೆ ಕಾಣುತ್ತವೆ. ಮೈಸೂರಿನಿಂದ ಕೊಯಮತ್ತೂರು ಸೀಮೆಗೆ ಇಳಿಯುವ ಗಜ್ಜಲಹಟ್ಟಿ ಘಾಟಿ ಬಂದು ಸೇರುತ್ತಿದ್ದುದು ಇದೇ ಬಯಲಿಗೆ. 1790ರಲ್ಲಿ ಟಿಪ್ಪುವಿನ ಸೈನ್ಯ ಇಳಿದದ್ದೂ ಆ ದಾರಿಯಲ್ಲೇ. ಈಗ ಅದು ಕಾಡಿನ ಪಾಲಾಗಿದೆ.

ಅಣೆಕಟ್ಟೆಯ ಕೆಳಗೆ ಉದ್ಯಾನವನವಿದೆ, ಮಕ್ಕಳೊಂದಿಗೆ ಬಂದವರು ಅಲ್ಲೇ ದಿನ ಕಳೆಯುತ್ತಾರೆ. ಏರಿಯ ಮೇಲೆ ದಿನನಿತ್ಯ ಪ್ರವೇಶವಿಲ್ಲ. ಆಡಿ 18ರಂದು ಮಾತ್ರ ಜನರನ್ನು ಬಿಡುವ ರೂಢಿಯಿತ್ತು. ಕರಿದ ಮೀನು ಇಲ್ಲಿ ಹೆಸರುವಾಸಿ. ಜಾನುವಾರು ಕೊಳ್ಳುವ ಉದ್ದೇಶವಿದ್ದರೆ ಗುರುವಾರ ಹೊರಡುವುದು ಒಳ್ಳೆಯದು, ಅಂದು ದಾರಿಯಲ್ಲಿ ಪುಳಿಯಂಪಟ್ಟಿ ದನದ ಸಂತೆ ಸಿಗುತ್ತದೆ.

ಕಾಡಿನ ವಿಷಯ ಬೇರೆ. 2008ರಲ್ಲಿ ವನ್ಯಜೀವಿಧಾಮವಾದ ಸತ್ಯಮಂಗಲ ಅರಣ್ಯ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮೋಯಾರ್ ಕಣಿವೆಯಲ್ಲಿ ಕೃಷ್ಣಮೃಗಗಳಿವೆ, ಅಪರೂಪದ ರಣಹದ್ದುಗಳು ಗೂಡು ಕಟ್ಟುತ್ತವೆ. ತೆಂಗುಮರಹಡದವರು ಪಟ್ಟಣಕ್ಕೆ ಬರಬೇಕಾದರೆ ಹರಿಗೋಲಿನಲ್ಲಿ ಮೋಯಾರ್ ದಾಟಿ, ಕಾಡಿನ ದಾರಿಯಲ್ಲಿ ಭವಾನಿಸಾಗರಕ್ಕೇ ಬರಬೇಕು. ಮಳೆಗಾಲದಲ್ಲಿ ಹೊಳೆ ತುಂಬಿದರೆ ರೋಗಿಗಳ ಪಾಡು ಕೇಳುವಂತಿಲ್ಲ. ನೋಡಲು ಬರುವವರು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಆ ದಾರಿ ಹಿಡಿಯಬಾರದು.

ಬೇಸಿಗೆಯಲ್ಲಿ ಕಾಡಿನ ಹೊಂಡಗಳು ಬತ್ತಿದಾಗ ಆನೆಗಳಿಗೆ ಈ ಜಲಾಶಯವೇ ಗತಿ. ಹಿಂಡುಗಳು ಹಿನ್ನೀರಿನ ಅಂಚಿಗೆ ಇಳಿಯುತ್ತವೆ. ಅದೇ ಅಂಚಿನಲ್ಲಿ ಹಳ್ಳಿಯವರ ದನಗಳೂ ಮೇಯುತ್ತವೆ. ಹತ್ತಿರ ಹೋಗಿ ಫೋಟೋ ತೆಗೆಯುವ ಹುಚ್ಚು ಜೀವಕ್ಕೆ ಅಪಾಯ ಎಂಬುದನ್ನು ತಾಳವಾಡಿ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೊತೆಗೆ ಬರುವ ಪಟ್ಟಣದ ನೆಂಟರಿಗೆ ಮಾತ್ರ ಹೇಳಲೇಬೇಕು.

ಗಡಿಯ ಕಡೆಯಿಂದ ಬರುವವರು ಹಾಸನೂರು, ದಿಂಬಂ ಮೂಲಕ 27 ತಿರುವುಗಳ ಘಾಟಿ ಇಳಿದು ಬಣ್ಣಾರಿ ಮಾರಿಯಮ್ಮನ ದರ್ಶನ ಮುಗಿಸಿ, ರಾಜನ್ ನಗರದ ಬಳಿ ಭವಾನಿಸಾಗರದ ರಸ್ತೆಗೆ ತಿರುಗಬಹುದು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರವರಿಯಿಂದ ಈ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಸಂಜೆಯ ಬೆಳಕಿರುವಾಗಲೇ ಬಣ್ಣಾರಿ ಚೆಕ್‌ಪೋಸ್ಟ್ ದಾಟುವಂತೆ ಮಧ್ಯಾಹ್ನ ಊಟವಾದ ಕೂಡಲೇ ಭವಾನಿಸಾಗರ ಬಿಡುವುದು ಲೇಸು.