ಹೆಬ್ಬೆರಳಲ್ಲಿ ಎಳೆದ ಹೆದೆ

ಏಕಲವ್ಯನ ಕತೆಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೇರಿಯಿಂದ ಕಾಲೇಜಿಗೆ ಹೋದ ಪ್ರತಿಯೊಬ್ಬ ಹುಡುಗನೂ ಒಂದ್ಸಲವಾದರೂ ತನ್ನ ಹೆಬ್ಬೆರಳು ನೋಡಿಕೊಂಡಿರ್ತಾನೆ. ಆ ಬೆರಳಿಗೆ ಕುವೆಂಪು ಕೊರಳನ್ನೇ ಕೇಳಿದ್ದೂ ನಮಗೆ ಗೊತ್ತು. ನಾನು ಹೇಳಹೊರಟಿರೋದು ಇನ್ನೊಬ್ಬ ಬಿಲ್ಲುಗಾರನ ಚರಿತ್ರೆ. ಇದರಲ್ಲಿ ಗುರುವೇ ಕಾಡಿನವನು, ಶಿಷ್ಯ ಪಟ್ಟಣದ ಡಾಕ್ಟರು.

ಅಮೆರಿಕದಲ್ಲಿ ಈಗ ಬಿಲ್ಲು ಹಿಡಿದು ಬೇಟೆಗೆ ಹೋಗೋದು ದೊಡ್ಡ ಹವ್ಯಾಸ. ತುದಿ ಹಿಂದಕ್ಕೆ ಬಾಗಿದ ರಿಕರ್ವ್ ಬಿಲ್ಲು ಅಂಗಡಿಯಲ್ಲಿ ಸಿಗುತ್ತೆ. ಎಷ್ಟು ಪೌಂಡಿನ ಎಳೆತ ಬೇಕು, ತೋಳು ಎಷ್ಟು ಇಂಚು ಅಂತ ಕೇಳಿ ಕೊಡ್ತಾರೆ. ಈ ಹವ್ಯಾಸಿಗಳು ತಮ್ಮ ಮೂಲಪುರುಷ ಎಂದು ನೆನೆಯುವುದು ಸ್ಯಾಕ್ಸ್‌ಟನ್ ಪೋಪ್ ಎಂಬ ಶಸ್ತ್ರವೈದ್ಯನನ್ನು. ಬಿಲ್ಲುಬೇಟೆಯ ಬಗ್ಗೆ 1923ರಲ್ಲಿ ಅವನ ಪುಸ್ತಕ ಬಂತು. 1961ರಲ್ಲಿ ಅವನ ಮತ್ತು ಅವನ ಜೊತೆಗಾರ ಯಂಗ್‌ನ ಹೆಸರಲ್ಲಿ ಕ್ಲಬ್ಬೂ ಹುಟ್ಟಿತು. ಆ ಪೋಪನಿಗೆ ಬಿಲ್ಲಿನ ಹುಚ್ಚು ಹಿಡಿಸಿದವನು ಪಕ್ಕದ ಮ್ಯೂಸಿಯಮ್ಮಿನಲ್ಲಿ ತಿಂಗಳಿಗೆ 25 ಡಾಲರ್ ಸಂಬಳಕ್ಕೆ ಕಸ ಗುಡಿಸುತ್ತಿದ್ದವನು. ಹೆಸರು ಇಶಿ.

ಅದು ಹೆಸರೂ ಅಲ್ಲ. ಅವನ ಭಾಷೆಯಲ್ಲಿ ಇಶಿ ಅಂದರೆ ಮನುಷ್ಯ, ಅಷ್ಟೆ. ಹೊಸಬರ ಮುಂದೆ ತನ್ನ ಹೆಸರನ್ನು ತಾನೇ ಹೇಳೋ ಪದ್ಧತಿ ಅವರಲ್ಲಿಲ್ಲ. ಹೇಳಬೇಕಾದ ನೆಂಟರು ಒಬ್ಬರೂ ಉಳಿದಿರಲಿಲ್ಲ.

ಯಾಕೆ ಉಳಿದಿರಲಿಲ್ಲ? ಇಶಿಯ ಯಾಹಿ ಜನ ಉತ್ತರ ಕ್ಯಾಲಿಫೋರ್ನಿಯಾದ ಲಾಸೆನ್ ಬೆಟ್ಟದ ತಪ್ಪಲಲ್ಲಿ, ಮಿಲ್ ಕ್ರೀಕ್ ಮತ್ತು ಡೀರ್ ಕ್ರೀಕ್ ಹೊಳೆಗಳ ಕಣಿವೆಯಲ್ಲಿ ಬದುಕಿದ್ದವರು. 1848ರಲ್ಲಿ ಚಿನ್ನ ಸಿಕ್ಕಿತು ಅಂತ ಬಿಳಿಯರು ನುಗ್ಗಿದರು. ಹೊಳೆ ಕೆಟ್ಟಿತು, ಮೀನು ಹೋಯಿತು, ಜಿಂಕೆ ಮೇಯುವ ಜಾಗದಲ್ಲಿ ದನ ಬಂದವು. ಹಸಿದವರು ದನ ಹೊಡೆದರು, ದನದವರು ಮನುಷ್ಯರನ್ನು ಹೊಡೆದರು. 1850ರ ಕ್ಯಾಲಿಫೋರ್ನಿಯಾ ಕಾಯ್ದೆಯ ಪ್ರಕಾರ ಇಂಡಿಯನ್ನರ ಸಾಕ್ಷಿಯ ಮೇಲೆ ಬಿಳಿಯನಿಗೆ ಶಿಕ್ಷೆ ಕೊಡುವಂತಿಲ್ಲ. ಆ ಕಾಯ್ದೆಯ ಹೆಸರಲ್ಲಿ 'ರಕ್ಷಣೆ' ಎಂಬ ಮಾತೂ ಇತ್ತು! 1854ರಲ್ಲಿ ಅವರಿಗೆ ಬಂದೂಕು, ಮದ್ದು ಮಾರಬಾರದು ಅಂತ ಇನ್ನೊಂದು ಕಾಯ್ದೆ. 1857ರಲ್ಲಿ ಇತ್ತ ಹಲಗಲಿ ಬೇಡರ ಆಯುಧ ಕಿತ್ತುಕೊಳ್ಳಲು ಕಂಪನಿ ಸರ್ಕಾರ ದಂಡು ಕಳಿಸಿದ್ದನ್ನು ಪಕ್ಕದಲ್ಲಿಟ್ಟು ಓದಿ. ಯಾರ ಕೈಯಲ್ಲಿ ಆಯುಧ ಇರಬಾರದು ಅನ್ನೋದು ಎಲ್ಲ ದೊರೆಗಳಿಗೂ ಮೊದಲೇ ಗೊತ್ತಿರುತ್ತೆ.

1860ರ ದಶಕದ ದಾಳಿಗಳ ಹೊತ್ತಿಗೆ ಯಾಹಿ ಜನ ಬೆರಳೆಣಿಕೆಗೆ ಬಂದಿದ್ದರು. ಉಳಿದವರು ನಲವತ್ತು ವರ್ಷ ಅಡಗಿ ಬಾಳಿದರು. ಇಲ್ಲೇ ಬಿಲ್ಲಿನ ಮಾತು ಬರೋದು. ಹವ್ಯಾಸಿಗಳು ಬಿಲ್ಲನ್ನು 'ಸಂಪ್ರದಾಯ' ಅಂತಾರೆ. ಅಡಗಿದವನಿಗೆ ಬಿಲ್ಲು ಬೇಕಾದದ್ದು ಅದು ಸದ್ದು ಮಾಡೋಲ್ಲ ಅನ್ನೋ ಕಾರಣಕ್ಕೂ. ಒಂದು ಗುಂಡಿನ ಸದ್ದಿಗೆ ಇಡೀ ಕುಟುಂಬ ಸಾಯುತ್ತಿತ್ತು.

ಇಶಿ ಬಿಲ್ಲಿಗೆ ಆರಿಸುತ್ತಿದ್ದದ್ದು ಬೆಟ್ಟದ ಜುನಿಪರ್ ಮರ. ಅಳತೆಗೆ ಇಂಚುಪಟ್ಟಿ ಇಲ್ಲ, ಮೈಯೇ ಅಳತೆ. ಸೊಂಟದ ಕೀಲಿನಿಂದ ಆಚೆ ಬದಿಗೆ ಚಾಚಿದ ಕೈಯ ತುದಿಯವರೆಗೆ ಬಿಲ್ಲಿನ ಉದ್ದ, ಹೆಚ್ಚುಕಮ್ಮಿ ನಾಲ್ಕು ಅಡಿ. ಗಟ್ಟಿ ಬಿಲ್ಲಿಗೆ ನಾಲ್ಕು ಬೆರಳಗಲ, ಹಗುರದ್ದಕ್ಕೆ ಮೂರು. ಕಾಯಿಸಿದ ಕಲ್ಲಿಗೆ ಒತ್ತಿ ತುದಿಗಳನ್ನು ಹಿಂದಕ್ಕೆ ಬಾಗಿಸುತ್ತಿದ್ದ. ಜಿಂಕೆಯ ನರವನ್ನು ಬಾಯಲ್ಲಿ ಅಗಿದು ಮೆದು ಮಾಡಿ, ಸಾಲ್ಮನ್ ಮೀನಿನ ಚರ್ಮ ಬೇಯಿಸಿದ ಅಂಟಿನಿಂದ ಬಿಲ್ಲಿನ ಬೆನ್ನಿಗೆ ಹಚ್ಚುತ್ತಿದ್ದ. ಬಿಲ್ಲು ಬಗ್ಗಿದಾಗ ಬೆನ್ನು ಸೀಳದಂತೆ ಹಿಡಿಯೋದು ಆ ನರ. ಅದಕ್ಕೇ ಅಷ್ಟು ಗಿಡ್ಡ ಬಿಲ್ಲನ್ನೂ ಮುರಿಯದೆ ಅಷ್ಟು ಎಳೆಯಬಹುದಿತ್ತು. ಹೆದೆಯೂ ಜಿಂಕೆಯ ನರದ್ದೇ. ಬಾಣದ ಮೊನೆಗೆ ಕರಿಗಾಜಿನಂಥ ಜ್ವಾಲಾಮುಖಿ ಕಲ್ಲು. ಬಿಳಿಯರು ಎಸೆದ ಬಾಟಲಿಯ ಚೂರಿನಲ್ಲೂ ಮೊನೆ ಕೆತ್ತುತ್ತಿದ್ದ. ಬಿಲ್ಲನ್ನು ಯಾರಾದರೂ ದಾಟಿದರೆ ಬಾಣ ಸೊಟ್ಟ ಹೋಗುತ್ತೆ, ತೊಳೆಯಬೇಕು ಅನ್ನುತ್ತಿದ್ದ. ಮೈಲಿಗೆಯೇ ಸರಿ. ಆದರೆ ದಾಟಿದವನು ಯಾವ ಕೇರಿಯವನು ಅನ್ನೋ ಪ್ರಶ್ನೆ ಅದರಲ್ಲಿಲ್ಲ.

ಬೇಟೆಯ ದಿನ ಹೊತ್ತಿಗೆ ಮುಂಚೆ ಎದ್ದು ಹೊಳೆಯಲ್ಲಿ ಮೀಯಬೇಕು, ಏನೂ ತಿನ್ನಬಾರದು, ಹೊಗೆಸೊಪ್ಪು ಮುಟ್ಟಬಾರದು. ಜಿಂಕೆಗೆ ವಾಸನೆ ಸಿಗಬಾರದಲ್ಲ. ಬೆರಳನ್ನು ತುಟಿಗಿಟ್ಟು ಹೀರಿ, ನೋವಿಗೆ ಸಿಕ್ಕಿದ ಮೊಲದ ಕೂಗು ತೆಗೆಯುತ್ತಿದ್ದ. ಪ್ರಾಣಿಯೇ ಹತ್ತಿರ ಬರುತ್ತಿತ್ತು. ಕುಕ್ಕರುಗಾಲಲ್ಲಿ ಕೂತು, ಬಿಲ್ಲನ್ನು ಓರೆಯಾಗಿ ಹಿಡಿದು, ಹೆಬ್ಬೆರಳನ್ನು ಮಡಿಸಿ ಹೆದೆಗೆ ಕೊಕ್ಕೆ ಹಾಕಿ, ಅದರ ಉಗುರಿನ ಮೇಲೆ ನಡುಬೆರಳು ಒತ್ತಿ ಎಳೆಯುತ್ತಿದ್ದ. ಬಲವೆಲ್ಲ ಹೆಬ್ಬೆರಳಿನದು. ಪೋಪ್ ಮೊದಲು ಇದನ್ನೇ ಕಲಿತ. ಆಮೇಲೆ ಇಂಗ್ಲಿಷರ ಉದ್ದಬಿಲ್ಲಿಗೂ ಅವರ ಮೂರು ಬೆರಳಿನ ಎಳೆತಕ್ಕೂ ಹೊರಳಿದ. ಆ ಎಳೆತದಲ್ಲಿ ಹೆಬ್ಬೆರಳಿಗೆ ಕೆಲಸವೇ ಇಲ್ಲ. ಏಕಲವ್ಯ ಇಂಗ್ಲೆಂಡಿನಲ್ಲಿ ಹುಟ್ಟಿದ್ದರೆ ದ್ರೋಣ ಬೇರೆ ಬೆರಳು ಕೇಳಬೇಕಿತ್ತು. ದೂರದ ಗುರಿಹಲಗೆಗೆ ಹೊಡೆಯೋದರಲ್ಲಿ ಪೋಪ್ ಗುರುವನ್ನು ಮೀರಿಸಿದ. ಇಶಿಗೆ ಹಲಗೆ ಗೊತ್ತಿಲ್ಲ, ಹೊಟ್ಟೆ ಗೊತ್ತು.

ಇಶಿ ಅಲ್ಲಿಗೆ ಬಂದದ್ದು ಹೀಗೆ. 1908ರಲ್ಲಿ ಡೀರ್ ಕ್ರೀಕಿಗೆ ಬಂದ ಸರ್ವೇ ತಂಡಕ್ಕೆ ಅವರ ಅಡಗುತಾಣ ಕಂಡಿತು. ನಡೆಯಲಾಗದ ಮುದುಕಿ, ಇಶಿಯ ತಾಯಿ, ಒಬ್ಬಳೇ ಮಲಗಿದ್ದಳು. ಬಂದವರು ಬಿಲ್ಲು, ಬಾಣ, ಬುಟ್ಟಿ, ಹೊದಿಕೆ ಎಲ್ಲವನ್ನೂ ನೆನಪಿನ ಕಾಣಿಕೆ ಅಂತ ಹೊತ್ತೊಯ್ದರು. ತಾಯಿ ಬಹಳ ದಿನ ಉಳಿಯಲಿಲ್ಲ. ಓಡಿಹೋದ ಇನ್ನಿಬ್ಬರು ಮತ್ತೆ ಕಾಣಲೇ ಇಲ್ಲ. 1911ರ ಆಗಸ್ಟಿನಲ್ಲಿ ಓರೋವಿಲ್ ಊರಿನ ಕಸಾಯಿಖಾನೆ ಹತ್ತಿರ ಇಶಿ ಸಿಕ್ಕಾಗ ಅವನ ಕೂದಲು ಸುಟ್ಟು ಮೋಟಾಗಿತ್ತು. ಅದು ಸಾವಿನ ದುಃಖದ ಗುರುತು. ಷರೀಫ ಜೈಲಿಗೆ ಹಾಕಿದ. ಮಾನವಶಾಸ್ತ್ರದ ಪ್ರೊಫೆಸರ್ ಕ್ರೋಬರ್ ಮತ್ತು ವಾಟರ್‌ಮನ್ ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಮ್ಮಿಗೆ ಕರೆದೊಯ್ದರು. ಭಾನುವಾರ ಜನ ಬಂದು ಅವನು ಬಾಣದ ಮೊನೆ ಕೆತ್ತೋದನ್ನು ನೋಡುತ್ತಿದ್ದರು.

ಅವರು ಕ್ರೂರಿಗಳಲ್ಲ. ಪೋಪ್ ಅವನನ್ನು ಗೆಳೆಯ ಅಂದ, ಕಾಯಿಲೆಯಲ್ಲಿ ನೋಡಿಕೊಂಡ. ಈ ಪ್ರೀತಿಯನ್ನೇ ನಾವು ಹುಷಾರಾಗಿ ನೋಡಬೇಕು. 1916ರ ಮಾರ್ಚ್ 25ರಂದು ಇಶಿ ಕ್ಷಯದಿಂದ ಸತ್ತ. ದೇಹ ಕೊಯ್ಯಬೇಡಿ ಅಂತ ನ್ಯೂಯಾರ್ಕಿನಿಂದ ಕ್ರೋಬರ್ ಬರೆದ ಕಾಗದ ತಡವಾಗಿ ತಲುಪಿತು. ಅಷ್ಟರಲ್ಲಿ ಕೊಯ್ದು ಮಿದುಳು ತೆಗೆದಿದ್ದರು. ಉಳಿದ ದೇಹದ ಜೊತೆ ಒಂದು ಬಿಲ್ಲು, ಐದು ಬಾಣ, ಒಂದು ಬುಟ್ಟಿ ಓಕ್ ಕಾಯಿ ಹಿಟ್ಟು ಇಟ್ಟು ಸುಟ್ಟರು. 1917ರಲ್ಲಿ ಮಿದುಳನ್ನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳಿಸಿದವನು ಅದೇ ಕ್ರೋಬರ್. ಶಿಷ್ಯರಿಂದ ಗುರುದಕ್ಷಿಣೆ ಕೇಳುವವರು ಯಾರೂ ಇರಲಿಲ್ಲ. ಗುರುವಿನಿಂದಲೇ ವಸೂಲಾಯಿತು.

ಎಂಬತ್ತಕ್ಕೂ ಹೆಚ್ಚು ವರ್ಷ ಆ ಮಿದುಳು ಉಗ್ರಾಣದಲ್ಲಿತ್ತು. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು ಹಟ ಹಿಡಿದು ಕೇಳಿದರು. 2000ದಲ್ಲಿ ರೆಡ್ಡಿಂಗ್ ರಾಂಚೇರಿಯಾ ಮತ್ತು ಪಿಟ್ ರಿವರ್ ಬುಡಕಟ್ಟಿನವರು ಅದನ್ನೂ ಬೂದಿಯನ್ನೂ ತಂದು ಅವನ ಸೀಮೆಯಲ್ಲೇ ಮಣ್ಣು ಮಾಡಿದರು. ಜಾಗ ಎಲ್ಲಿ ಅಂತ ಹೊರಗಿನವರಿಗೆ ಹೇಳಿಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದ ಕಟ್ಟಡದ ಮೇಲಿದ್ದ ಕ್ರೋಬರ್ ಹೆಸರನ್ನು 2021ರಲ್ಲಿ ತೆಗೆದರು. ಇಶಿ ಕೆತ್ತಿದ ಬಾಣದ ಮೊನೆಗಳು ಅದೇ ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿನಲ್ಲಿವೆ.